ಐದು ಡಿಗ್ರಿ ಕಡಿಮೆ

ಕವೆಂಟ್ರಿಯ ಫೋಲ್ಸ್‌ಹಿಲ್ ರಸ್ತೆಯಲ್ಲಿ
ಟೈರ್ ಅಂಗಡಿಗೂ ಮದುವೆ ಸೀರೆಯಂಗಡಿಗೂ ನಡುವೆ
ವಾಮನ ಗಾಣಿಗರ ಹೋಟೆಲು.
ಮಧ್ಯಾಹ್ನ ಮೂರಕ್ಕೆ, ಹೇಳದೆ ಕೇಳದೆ,
ಬಿಳಿ ಕೋಟು, ಕೂದಲಿಗೆ ಬಲೆ,
ಕೌನ್ಸಿಲ್ಲಿನ ಗುರುತುಚೀಟಿ ಕೊರಳಿಗೆ ನೇತುಹಾಕಿಕೊಂಡು
ಒಳಗೆ ಹೋದೆ. ನನ್ನ ಕಸುಬೇ ಅದು:
ಕರೆಯದ ಊಟಕ್ಕೆ ಹೋಗಿ
ಉಣ್ಣದೆ ಬರುವುದು.

ಚೀಟಿಯ ಮೇಲಿನ ಹೆಸರು ಓದಿ ಅವರು
'ನಮ್ಮ ಬದಿಯವರಾ?' ಅಂದರು.
ಹೌದೆಂದರೆ ಲಂಚ, ಅಲ್ಲವೆಂದರೆ ಸುಳ್ಳು.
'ಕೈ ತೊಳೆಯುವ ಸಿಂಕ್ ಎಲ್ಲಿ?' ಅಂದೆ,
ಕನ್ನಡದಲ್ಲೇ.

ಫ್ರಿಜ್ಜು ನಾಲ್ಕು ಡಿಗ್ರಿ. ಸರಿ.
ಹೆಚ್ಚುವ ಹಲಗೆಗಳು ಬೇರೆ ಬೇರೆ ಬಣ್ಣ. ಸರಿ.
ಒಲೆಯ ಹಿಂದೆ ಗೋಡೆಗಂಟಿದ ಜಿಡ್ಡು
ನನ್ನ ಮದುವೆಗಿಂತ ಹಳೆಯದು. ಬರೆದುಕೊಂಡೆ.
ಕೊತ್ತಂಬರಿ ಡಬ್ಬಿಗೆ ತಾರೀಖಿಲ್ಲ.
'ಬೆಳಿಗ್ಗೆ ತಂದದ್ದು, ಬೇಕಾದ್ರೆ ಮೂಸಿ ನೋಡಿ.'
ನಮ್ಮ ಫಾರಮ್ಮಿನಲ್ಲಿ ಮೂಗಿಗೆ ಕಾಲಮಿಲ್ಲ.

ಮೂಲೆಯಲ್ಲಿ, ಬಾಯ್ಲರಿನ ಪಕ್ಕ,
ಬಟ್ಟೆ ಮುಚ್ಚಿದ ದೊಡ್ಡ ಪಾತ್ರೆ.
ನಾನು ಅತ್ತ ತಿರುಗಿದ್ದೇ ಅವರ ಮುಖ ಸಣ್ಣಗಾಯಿತು.
ಹೋದ ವರ್ಷ ಬಂದವನು ನಮ್ಮ ಆಫೀಸಿನ ಕ್ಲೈವ್.
ಹನ್ನೆರಡು ಗಂಟೆ ಹೊರಗಿಟ್ಟ ಹಿಟ್ಟು,
ಗುಳ್ಳೆ ಎದ್ದಿದೆ, ಹುಳಿ ವಾಸನೆ, ಕೆಟ್ಟಿದೆ
ಎಂದು ಬರೆದು ಎದುರಿಗೇ ಚೆಲ್ಲಿಸಿದನಂತೆ.
'ಇಪ್ಪತ್ತು ಕಿಲೋ, ಮಾರಾಯ್ರೆ.
ಚರಂಡಿಯಲ್ಲೂ ಉಬ್ಬುತ್ತಲೇ ಇತ್ತು.'
ಅವರು ನಗಲಿಲ್ಲ. ನನಗೆ ಬಂದ ನಗು ನುಂಗಿದೆ.

ಬಟ್ಟೆ ಸರಿಸಿದೆ. ಉಸಿರಾಡುತ್ತಿತ್ತು.
ಪಟ್ಟಿ ಅದ್ದಿದೆ, ಬಣ್ಣ ಒಪ್ಪಿತು.
ಆದರೆ ಕೆಡುವುದಕ್ಕೂ ಹುದುಗುವುದಕ್ಕೂ ನಡುವಿನ ಗೆರೆಯನ್ನು
ನಾಲ್ಕಿಂಚು ಜಾಗದಲ್ಲಿ, ಇಂಗ್ಲಿಷಿನಲ್ಲಿ, ಎಳೆಯಬೇಕಿತ್ತು.
ಎರಡು ಸಲ ಹೊಡೆದುಹಾಕಿ ಕೊನೆಗೆ
'ಬೇಕೆಂದೇ ಹುಳಿಸಿದ್ದು' ಎಂದು ಬರೆದೆ.

ಸಾಂಬಾರು ಕೈಕೊಟ್ಟಿತು.
ಅರವತ್ಮೂರು ಇರಬೇಕು, ಐವತ್ತೆಂಟು ಇತ್ತು.
ಸಲಾಕೆಯನ್ನು ತಳಕ್ಕೆ ಇಳಿಸಿದೆ, ಅಂಚಿಗೆ ತಂದೆ,
ನುಗ್ಗೆಕಾಯಿಯೊಂದನ್ನು ಪಕ್ಕಕ್ಕೆ ತಳ್ಳಿ ಮತ್ತೆ ನೋಡಿದೆ.
ಐವತ್ತೆಂಟು.
'ಊಟದ ಹೊತ್ತು ಮುಗೀತಲ್ಲ, ಗ್ಯಾಸಿನ ಬಿಲ್ಲು ನೆನೆದು ಸಣ್ಣ ಮಾಡಿದೆ.
ಐದು ಡಿಗ್ರಿ. ನಾಲಗೆಗೆ ಗೊತ್ತಾಗ್ತದಾ?'
ನಾಲಗೆಗೆ ಗೊತ್ತಾಗುವುದಿಲ್ಲ. ಹೊಟ್ಟೆಗೆ ಗೊತ್ತಾಗುತ್ತದೆ,
ಅದೂ ನಾಳೆ, ಅದೂ ಯಾರದೋ ಮಗುವಿನ ಹೊಟ್ಟೆಗೆ.
ಹಾಗಂತಲೇ ಹೇಳಿದೆ.
ತಲೆ ತಗ್ಗಿಸಿ ಉರಿ ದೊಡ್ಡದು ಮಾಡಿದರು.

ಅಷ್ಟರಲ್ಲಿ ಆಚೆ ಒಲೆಯಲ್ಲಿ ಭೋಜ ದೇವಾಡಿಗ
ಒಗ್ಗರಣೆ ಹಾಕಿಬಿಟ್ಟ. ಇಂಗು, ಕರಿಬೇವು, ಚಟಪಟ,
ನನ್ನ ಪೆನ್ನು ನಿಂತಿತು.
ಅಜ್ಜಿ ಒಂದು ಅಗುಳು ಹಿಚುಕಿ
ಇಡೀ ಹಂಡೆಯ ತೀರ್ಪು ಹೇಳುತ್ತಿದ್ದಳು, ಮೇಲ್ಮನವಿ ಇರಲಿಲ್ಲ.
ನನ್ನದಕ್ಕೆ ಇದೆ, ಇಪ್ಪತ್ತೊಂದು ದಿನದೊಳಗೆ.

ರಿಂಗ್ ರೋಡಿನ ಪಕ್ಕದ ದೊಡ್ಡ ಹೋಟೆಲಿಗೆ
ಬೆಳಿಗ್ಗೆಯಷ್ಟೇ ಐದು ಕೊಟ್ಟು ಬಂದಿದ್ದೆ.
ಅಲ್ಲಿ ಎಲ್ಲಕ್ಕೂ ಲೇಬಲ್ಲು, ಬಟಾಣಿಗೂ ತಾರೀಖು.
ಅಡುಗೆಯವರಿಲ್ಲ, ಚೀಲ ಕತ್ತರಿಸುವವರಿದ್ದಾರೆ.
ತಪ್ಪೂ ಇಲ್ಲ,
ಉಪ್ಪೂ ಇಲ್ಲ.

ಇವರಿಗೆ ಮೂರು.
'ಅಂಟಿಸಲೇಬೇಕೆಂದಿಲ್ಲ,' ಅಂದೆ, 'ಇಂಗ್ಲೆಂಡಿನಲ್ಲಿ ಕಡ್ಡಾಯವಲ್ಲ.
ಕೆಲವರು ಡ್ರಾಯರಿನಲ್ಲಿ ಇಟ್ಟುಬಿಡುತ್ತಾರೆ.'
ಗಾಣಿಗರು ಅಂಗಿಯ ತೋಳಿನಿಂದ ಗಾಜು ಒರೆಸಿ
ಬಾಗಿಲಿಗೇ ಅಂಟಿಸಿದರು, ಕಣ್ಣಿನ ಎತ್ತರಕ್ಕೆ.
ಮೂಲೆಯಲ್ಲೆದ್ದ ಗುಳ್ಳೆಯನ್ನು ಹೆಬ್ಬೆರಳಿಂದ ಒತ್ತಿದರು.
'ಕಾಫಿ?'
ನಿಯಮವಿದೆ ಅಂದೆ.
'ಗೊತ್ತುಂಟು. ಕೇಳದಿದ್ರೆ ಹೇಗೆ?'

ಬಸ್ಸಿಗೆ ಕಾಯುತ್ತ ಎದುರು ಬದಿಯಿಂದ ನೋಡಿದೆ.
ಹೊರಗೆ ನಿಂತವರಿಗೆ ಮೂರು.
ಒಳಗೆ ಕೂತು ಬೆರಳು ನೆಕ್ಕುತ್ತಿದ್ದ ಹುಡುಗನಿಗೆ
ಸ್ಟಿಕ್ಕರಿನ ಬಿಳಿ ಬೆನ್ನು.